ತೊಳೆದಿಟ್ಟ ದನಿಗಳ ರೆಕಾರ್ಡಕ್ಕ

ಬೆಳಗಿನ ಐದು ಗಂಟೆ. ಮೂರನೇ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಅಡುಗೆಮನೆಯ ದೀಪವೊಂದೇ ಉರಿಯುತ್ತಿದೆ. ಸಿಂಕಿನ ಮುಂದೆ ನಿಂತ ಹೆಂಗಸು ಕಪ್ಪು ರೆಕಾರ್ಡೊಂದನ್ನು ಅಂಚಿನಲ್ಲಷ್ಟೇ ಹಿಡಿದು, ನಡುವಿನ ಲೇಬಲ್ ನೆನೆಯದಂತೆ ಅದರ ಮೇಲೊಂದು ಸ್ಟೀಲ್ ಡಬ್ಬಿಯ ಮುಚ್ಚಳ ಒತ್ತಿದ್ದಾರೆ. ಪಕ್ಕದಲ್ಲಿ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನು, ಒಂದೇ ಒಂದು ಹನಿ ಸೋಪು ಬೆರೆಸಿದ ಬಟ್ಟಲು, ಮಗುವಿನ ತಲೆ ಬಾಚುವಂಥ ಮೆತ್ತನೆಯ ಬ್ರಷ್ಷು. ಆಚೆ ಕೋಣೆಯಿಂದ ಗಂಡನ ಗೊರಕೆ ಕೇಳಿಬರುತ್ತಿದೆ.

“ಪಾತ್ರೆ ಉಜ್ಜಿದ ಹಾಗೆ ಉಜ್ಜಬಾರದು. ಗೆರೆ ಯಾವ ಕಡೆ ಹೋಗಿದೆಯೋ ಬ್ರಷ್ಷೂ ಆ ಕಡೇನೇ ಹೋಗಬೇಕು. ಅಡ್ಡ ಎಳೆದ್ರೆ ಹಾಡು ಕೆಟ್ಟ ಹಾಗೇ,” ಎನ್ನುತ್ತಾರೆ ಅವರು, ತಲೆ ಎತ್ತದೆ. ತೊಳೆದ ರೆಕಾರ್ಡು ಊಟದ ತಟ್ಟೆಗಳ ಸ್ಟ್ಯಾಂಡಿನಲ್ಲಿ ತಟ್ಟೆಗಳ ನಡುವೆಯೇ ನಿಲ್ಲುತ್ತದೆ. ಒಮ್ಮೆ ಅವಸರದಲ್ಲಿ ಗಂಡ ಅದರ ಮೇಲೆಯೇ ಬ್ರೆಡ್ಡು ಹಾಕಿಕೊಂಡು ತಿಂದಿದ್ದರಂತೆ. ಆ ವಾರವಿಡೀ ಅವರಿಗೆ ಮನೆಯಲ್ಲಿ ಬ್ರೆಡ್ಡು ಸಿಗಲಿಲ್ಲ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ರೆಕಾರ್ಡಕ್ಕ ಎಂದೇ. ವಯಸ್ಸು ಐವತ್ತೊಂಬತ್ತು. ದಿನಕ್ಕೆ ನಾನೂರು ಹಾಸಿಗೆ ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಮಾಡುವ ಆರು ಜನರಲ್ಲಿ ಒಬ್ಬರು. ಏಳು ಗಂಟೆಗೆ ಹಬೆ ತುಂಬಿದ ಆ ಕೋಣೆಗೆ ಹೋಗುವ ಮೊದಲು ಮನೆಯಲ್ಲಿ ಮೂರು ರೆಕಾರ್ಡು ತೊಳೆಯುವುದು ಅವರ ನೇಮ. ನಾಲ್ಕಲ್ಲ, ಎರಡಲ್ಲ, ಮೂರು. ಇವತ್ತು ಮಾತ್ರ ಒಂದೇ. ರಜೆ ಹಾಕಿದ್ದಾರೆ, ಹನ್ನೊಂದು ವರ್ಷಗಳಲ್ಲಿ ರೆಕಾರ್ಡಿನ ನೆಪಕ್ಕೆ ಹಾಕಿದ ಮೊದಲ ರಜೆ. ಇವತ್ತು ಮಧ್ಯಾಹ್ನ ದೂರದ ಒಂದು ದೇಶದಲ್ಲಿ ಎಂಬತ್ತನಾಲ್ಕು ವರ್ಷದ ಒಬ್ಬ ಮುದುಕಿಗೆ ಈ ರೆಕಾರ್ಡನ್ನು ಕೇಳಿಸಬೇಕಾಗಿದೆ. ಆ ಅಜ್ಜಿಗೆ ನೆನಪು ಬಂದು ಬಂದು ಹೋಗುತ್ತಿದೆ. ಇವತ್ತು ನೆನಪು ಬರುವ ದಿನವೋ ಹೋಗುವ ದಿನವೋ ಯಾರಿಗೂ ಗೊತ್ತಿಲ್ಲ. ನಾಲ್ಕು ವರ್ಷ ಮೊದಲೇ ಕೇಳಿಸಬಹುದಾಗಿತ್ತು, ಕೇಳಿಸದೇ ಹೋದದ್ದು ತನ್ನ ತಪ್ಪು ಎಂಬುದು ರೆಕಾರ್ಡಕ್ಕನ ಎದೆಯಲ್ಲಿ ಮುಳ್ಳಾಗಿ ಕೂತಿದೆ.

ಅವರ ಮನೆಯ ಒಂದು ಗೋಡೆಯ ತುಂಬ ನೆಲದಿಂದ ಸೂರಿನವರೆಗೆ ಇರುವುದು ಎರಡು ಸಾವಿರದ ನೂರಾ ನಲವತ್ತು ರೆಕಾರ್ಡುಗಳು. ಎಲ್ಲವೂ ಯೂರೋಪಿನ ಜಾಜ್ ಹಾಡುಗಾರರವು. ಜಾಜ್ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಹೆಸರಾಂತವರ ರೆಕಾರ್ಡುಗಳಿಗೆ ಸಂಗ್ರಾಹಕರು ಮುಗಿಬೀಳುತ್ತಾರೆ. ಇವು ಅಂಥವಲ್ಲ. ಪೋಲಿಷ್, ಪೋರ್ಚುಗೀಸ್, ಫಿನ್ನಿಷ್, ಇಟಾಲಿಯನ್ ಹೀಗೆ ತಂತಮ್ಮ ಭಾಷೆಯಲ್ಲಿ ಒಂದೋ ಎರಡೋ ರೆಕಾರ್ಡು ಹಾಡಿ, ಆಮೇಲೆ ಮದುವೆಯಾಗಿಯೋ ನೌಕರಿ ಹಿಡಿದೋ ಸುಮ್ಮನಾಗಿಬಿಟ್ಟವರ ದನಿಗಳು. ಕೇಳಿದವರು ಕಡಿಮೆ, ನೆನಪಿಟ್ಟವರು ಇನ್ನೂ ಕಡಿಮೆ.

ಇವು ರೆಕಾರ್ಡಕ್ಕನ ಕೈಗೆ ಬಂದದ್ದೂ ಹಾಗೆಯೇ, ಯಾರಿಗೂ ಬೇಡವಾಗಿ. ಲಾಂಡ್ರಿಗೆ ಸೇರುವ ಮೊದಲು ಅವರು ಒಂದು ರೇಡಿಯೋ ಕೇಂದ್ರದಲ್ಲಿ ನೆಲ ಒರೆಸುತ್ತಿದ್ದರು. ಬೆಳಗಿನ ಕಾರ್ಯಕ್ರಮ ಶುರುವಾಗುವ ಮೊದಲು ಸ್ಪೀಕರು ಸರಿಯಿದೆಯೇ ಎಂದು ನೋಡಲು ಅಲ್ಲಿನ ಹಿರಿಯ ಉದ್ಘೋಷಕರು ಈ ರೆಕಾರ್ಡುಗಳನ್ನು ಹಾಕುತ್ತಿದ್ದರು. ಇಪ್ಪತ್ತು ವರ್ಷ ಆ ಹಾಡುಗಳಿಗೆ ತಕ್ಕ ಹಾಗೆ ಇವರ ಕೈಯಲ್ಲಿ ಒರೆಸುಬಟ್ಟೆ ಓಡಾಡಿತು. “ಒಂದು ಪದವೂ ಅರ್ಥ ಆಗ್ತಿರಲಿಲ್ಲ. ಅದೇ ಒಳ್ಳೇದಾಯ್ತು. ಮಾತು ಅರ್ಥ ಆದ್ರೆ ನಾವು ಮಾತನ್ನೇ ಕೇಳ್ತೀವಿ. ಆಗದಿದ್ರೆ ಹಾಡೋರ ಉಸಿರು ಕೇಳ್ಸುತ್ತೆ,” ಎನ್ನುತ್ತಾರೆ.

ಹನ್ನೊಂದು ವರ್ಷಗಳ ಹಿಂದೆ ಕೇಂದ್ರ ಮುಚ್ಚಿತು. ಬಲ್ಲವರು ಬಂದು ಬೆಲೆಬಾಳುವುದನ್ನೆಲ್ಲ ಆರಿಸಿಕೊಂಡು ಹೋದರು. ಉಳಿದವನ್ನೆಲ್ಲ ಕಸದ ಲಾರಿಗೆ ಹಾಕಿ ಎಂದರು ಮ್ಯಾನೇಜರು. “ನಾನು ತಗೊಂಡು ಹೋಗ್ಲಾ ಸಾರ್?” ಎಂದು ಇವರು ಕೇಳಿದಾಗ ಆತ ನಕ್ಕು, “ಏನ್ ಮಾಡ್ತೀಯಮ್ಮ ಇದನ್ನ?” ಅಂದರಂತೆ. ಇವರು ಕೈಗಾಡಿಯಲ್ಲಿ ಹದಿನಾಲ್ಕು ಸಲ ಹೇರಿ ತಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಕಟ್ಟಡದವರೆಲ್ಲ ಮೂಗು ಮುರಿದರು. ತಮಾಷೆಯೆಂದರೆ, ಆಗ ಮನೆಯಲ್ಲಿ ಹಾಡು ಕೇಳುವ ಯಂತ್ರವೇ ಇರಲಿಲ್ಲ. ಹಳೆಯ ಪ್ಲೇಯರೊಂದು ಸಿಗುವವರೆಗೆ ಎರಡು ವರ್ಷ ಬರೀ ತೊಳೆದು ಒರೆಸಿ ಇಟ್ಟರು. ನಡುವೆ ಒಂದು ಮಳೆಗಾಲ ಮೇಲಿನ ಮನೆಯ ಪೈಪು ಒಡೆದು ನೂರಾ ಎಂಬತ್ತು ರೆಕಾರ್ಡುಗಳ ಹೊದಿಕೆ ಮುದ್ದೆಯಾಯಿತು. ಆವತ್ತು ರೆಕಾರ್ಡಕ್ಕ ನೆಲದ ಮೇಲೆ ಕೂತು ಅತ್ತರು. ಆ ಹೊದಿಕೆಗಳಲ್ಲಿದ್ದ ಮುಖಗಳು ಮತ್ತೆಲ್ಲೂ ಸಿಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಗಂಡ ದರ್ಜಿ. ಕೆಳಗಿನ ಬೀದಿಯಲ್ಲಿ ಒಂದೇ ಹೊಲಿಗೆ ಯಂತ್ರದ ಅಂಗಡಿ. “ಎರಡು ಸಾವಿರ ಜನರನ್ನ ಮನೇಲಿಟ್ಟುಕೊಂಡಿದಾಳೆ, ಒಬ್ಬರೂ ಬಾಡಿಗೆ ಕೊಡಲ್ಲ,” ಎಂದು ಬಂದವರಿಗೆಲ್ಲ ಹೇಳುತ್ತಾರೆ. ಹಾಗೆನ್ನುತ್ತಲೇ ಪ್ರತಿ ರೆಕಾರ್ಡಿಗೂ ಅಳತೆ ಹಿಡಿದು ಕಾಗದದ ಹೊದಿಕೆ ಮಡಚಿ ಕೊಟ್ಟವರೂ ಅವರೇ. ಭಾನುವಾರ ಸಂಜೆ ರೆಕಾರ್ಡಕ್ಕನ ತಂಗಿ ಬರುತ್ತಾರೆ. ಶಾಲೆಯೊಂದರಲ್ಲಿ ಗುಮಾಸ್ತೆ, ಇಂಗ್ಲಿಷ್ ಬಲ್ಲವರು, ಅಕ್ಕನ ರೆಕಾರ್ಡುಗಳ ಪಟ್ಟಿಯನ್ನು ಇಂಟರ್ನೆಟ್ಟಿಗೆ ಹಾಕಿದವರು. ಮೂವರೂ ಕೂತು ನಾಲ್ಕಾರು ರೆಕಾರ್ಡು ಕೇಳುತ್ತಾರೆ. ಕೊನೆಗೆ ಯಾವಾಗಲೂ ಅದೇ ಒಂದು: ಹೊದಿಕೆಯಿಲ್ಲದೆ ಕಂದು ಲಕೋಟೆಯಲ್ಲಿದ್ದ ಹತ್ತಂಗುಲದ ರೆಕಾರ್ಡು. ಲೇಬಲ್ಲಿನ ಮೇಲೆ ಟೈಪು ಮಾಡಿದ ಒಂದು ಮನೆತನದ ಹೆಸರು, ಅಷ್ಟೆ. ಪಿಯಾನೋ, ಡಬಲ್ ಬೇಸ್ ಎಂಬ ದಪ್ಪ ದನಿಯ ತಂತಿವಾದ್ಯ, ಒಬ್ಬ ಗಂಡಸಿನ ತುಂಬು ಕಂಠ. ನಿಧಾನವಾಗಿ, ಒಂದೊಂದು ಪದವನ್ನೂ ಇಳಿಸಲಾರದೆ ಇಳಿಸಿದ ಹಾಗೆ ಹಾಡುವ ನಾಲ್ಕು ಹಾಡು.

“ಇವನ ಹೆಂಡತಿ ತೀರಿಹೋಗಿದಾಳೆ, ನೋಡ್ತಿರು,” ಎಂದು ದರ್ಜಿಯವರು ಮೊದಲ ಸಲ ಕೇಳಿದಾಗಲೇ ತೀರ್ಮಾನ ಕೊಟ್ಟಿದ್ದರು. ಕೋಣನ ಮುಂದೆ ಕಿನ್ನರಿ ಎಂದು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುವ ಮನುಷ್ಯ, ಈ ರೆಕಾರ್ಡಿಗೆ ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದರು. ಒಂಬತ್ತು ವರ್ಷ ಹೀಗೇ ನಡೆಯಿತು.

ಅದರ ನಡುವೆ, ನಾಲ್ಕು ವರ್ಷಗಳ ಹಿಂದೆ ಒಂದು ಪತ್ರ ಬಂತು. ಉತ್ತರ ಯೂರೋಪಿನ ಕಡಲ ತೀರದ ಊರೊಂದರ ಮಹಿಳೆ ಬರೆದದ್ದು. ಪಟ್ಟಿಯಲ್ಲಿ ತನ್ನ ತಾಯಿಯ ತವರಿನ ಹೆಸರು ನೋಡಿದೆ. ಅಮ್ಮ ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ನಾಲ್ಕು ಹಾಡು ಹಾಡಿ ರೆಕಾರ್ಡು ಮಾಡಿಸಿದ್ದಳು. ಮೂವತ್ತೇ ಪ್ರತಿ. ದೇಶವಿದೇಶದ ರೇಡಿಯೋ ಕೇಂದ್ರಗಳಿಗೆಲ್ಲ ಕಳಿಸಿದಳು, ಯಾರೂ ಉತ್ತರ ಬರೆಯಲಿಲ್ಲ. ಆಮೇಲೆ ಜೀವಮಾನವಿಡೀ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂತಳು. ಮನೆಯಲ್ಲಿ ಒಂದು ಪ್ರತಿಯೂ ಉಳಿದಿಲ್ಲ. ‘ಅಮ್ಮನ ಹಾಡಿನ ದನಿ ನಾನು ಕೇಳಿಯೇ ಇಲ್ಲ, ಯಾಕೆಂದರೆ ನಾನು ಹುಟ್ಟಿದ ಮೇಲೆ ಅವಳು ಹಾಡಿಲ್ಲ. ನಿಮ್ಮಲ್ಲಿರುವುದು ಅದೇ ಇರಬಹುದೇ?’

ರೆಕಾರ್ಡಕ್ಕ ತಂಗಿಯ ಕೈಲಿ ಆವತ್ತೇ ಉತ್ತರ ಬರೆಸಿದರು. ಆ ಹೆಸರಿನ ರೆಕಾರ್ಡು ನಮ್ಮಲ್ಲಿದೆ, ಆದರೆ ಹಾಡಿರುವವರು ಗಂಡಸು. ನಿಮ್ಮ ತಾಯಿಯವರದಲ್ಲ. ಕ್ಷಮಿಸಿ. ಆಕೆ ವಂದನೆ ಹೇಳಿ ಎರಡು ಸಾಲು ಬರೆದು ಸುಮ್ಮನಾದರು. “ಖಚಿತವಾಗಿ ಗೊತ್ತಿದೆ ಅನ್ನೋ ಧಿಮಾಕು ಇತ್ತಲ್ಲ ನನಗೆ,” ಎನ್ನುತ್ತಾರೆ ರೆಕಾರ್ಡಕ್ಕ. “ಒಂದು ಸಲ ಕೇಳಿಸಿಬಿಡ್ತೀನಿ, ನೀವೇ ಹೇಳಿ ಅಂತ ಬರೆಯೋಕೆ ಏನು ರೋಗ ಆಗಿತ್ತು?”

ನಿಜ ಬಯಲಾದದ್ದು ಕಳೆದ ಚಳಿಗಾಲದ ಒಂದು ಭಾನುವಾರ. ಲಾಂಡ್ರಿಯಲ್ಲಿ ಹೆಚ್ಚುವರಿ ಕೆಲಸವಿತ್ತು. ಹೆಂಡತಿ ದಣಿದು ಬರುವ ಹೊತ್ತಿಗೆ ಇಷ್ಟದ ಹಾಡು ಹಾಕಿರೋಣ ಎಂದು ದರ್ಜಿಯವರು ಮೊದಲ ಬಾರಿಗೆ ಪ್ಲೇಯರು ಮುಟ್ಟಿದರು. ಅದರಲ್ಲಿ ವೇಗದ ಒಂದು ಗುಂಡಿಯಿದೆ: ನಿಮಿಷಕ್ಕೆ ಮೂವತ್ತಮೂರು ಸುತ್ತು, ಇಲ್ಲವೇ ನಲವತ್ತೈದು. ಸಣ್ಣ ಏಳಂಗುಲದ್ದಕ್ಕೆ ನಲವತ್ತೈದು, ದೊಡ್ಡದಕ್ಕೆಲ್ಲ ಮೂವತ್ತಮೂರು ಎಂಬುದು ರೆಕಾರ್ಡು ಬಲ್ಲವರ ರೂಢಿ. ದರ್ಜಿಯವರಿಗೆ ಯಾವ ರೂಢಿಯೂ ಗೊತ್ತಿಲ್ಲ. ಗುಂಡಿ ನಲವತ್ತೈದಕ್ಕೆ ತಿರುಗಿತು.

ಮೆಟ್ಟಿಲು ಹತ್ತಿ ಬರುತ್ತಿದ್ದ ರೆಕಾರ್ಡಕ್ಕ ಎರಡನೇ ಮಹಡಿಯಲ್ಲೇ ನಿಂತುಬಿಟ್ಟರು. ಮನೆಯೊಳಗೆ ಯಾರೋ ಹುಡುಗಿ ಹಾಡುತ್ತಿದ್ದಳು. ಅದೇ ಪಿಯಾನೋ, ಅದೇ ರಾಗ, ಆದರೆ ಚುರುಕಾಗಿ, ತುಂಟತನದಿಂದ, ನಗು ತಡೆದುಕೊಂಡು ಹಾಡಿದ ಹಾಗೆ. ಓಡಿ ಮೇಲೆ ಬಂದರೆ, ಬಾಗಿಲಲ್ಲಿ ನಿಂತಿದ್ದ ಗಂಡ ಗಾಬರಿಯಿಂದ, “ಲೇ, ನಾನೇನೂ ಮಾಡಿಲ್ಲ ಕಣೇ, ನಿನ್ನ ಗಂಡಸು ಹೆಂಗಸಾಗಿಬಿಟ್ಟ!” ಅಂದರು. ಸ್ವಲ್ಪ ಹೊತ್ತು ಕೇಳಿ, “ಇಷ್ಟು ಖುಷಿಯಾಗಿದ್ದಾಳಲ್ಲೇ. ಒಂಬತ್ತು ವರ್ಷ ನಾವು ಯಾರ ದುಃಖಕ್ಕೆ ಅತ್ತದ್ದು?” ಎಂದೂ ಕೇಳಿದರು.

ರೆಕಾರ್ಡಕ್ಕನಿಗೆ ನಗು ಬರಲಿಲ್ಲ. ಈ ಹತ್ತಂಗುಲದ್ದು ನಲವತ್ತೈದರಲ್ಲಿ ತಿರುಗಬೇಕಾದದ್ದು; ಮೂವತ್ತಮೂರರಲ್ಲಿ ನಿಧಾನಕ್ಕೆ ತಿರುಗಿ ಹುಡುಗಿಯ ದನಿ ಗಂಡು ದನಿಯಾಗಿ ಕೇಳಿಸಿತ್ತು. ಆ ಪತ್ರ ನೆನಪಾಯಿತು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಗಂಡ ಸಮಾಧಾನ ಹೇಳಿದರೆ, “ಮಿಂಚಿದೆಯೋ ಇಲ್ವೋ ಕೇಳಿ ನೋಡೋಣ್ರೀ,” ಎಂದು ಚಪ್ಪಲಿಯನ್ನೂ ಬಿಡದೆ ತಂಗಿಗೆ ಫೋನು ಮಾಡಿದರು. ತಂಗಿ ಬರೆದು ಹಾಕಿದ ಪತ್ರ ಐದು ವಾರಕ್ಕೆ ವಿಳಾಸದಾರರಿಲ್ಲ ಎಂಬ ಮುದ್ರೆ ಹೊತ್ತು ವಾಪಸು ಬಂತು. ಆ ಐದು ವಾರದಲ್ಲಿ ರೆಕಾರ್ಡಕ್ಕ ಒಂದು ಹಾಡೂ ಕೇಳಲಿಲ್ಲ. ತಂಗಿ ಹಟ ಬಿಡದೆ ಆ ಊರಿನ ರೈಲ್ವೆ ನಿವೃತ್ತರ ಸಂಘಕ್ಕೆ ಬರೆದು, ಅವರಿಂದ ಹೊಸ ವಿಳಾಸ ಪಡೆದರು. ಮಗಳ ಉತ್ತರ ಬಂದದ್ದು ಹತ್ತು ದಿನಗಳ ಹಿಂದೆ. ಅಮ್ಮ ಇದ್ದಾಳೆ. ವೃದ್ಧರ ಆರೈಕೆ ಮನೆಯಲ್ಲಿದ್ದಾಳೆ. ಒಂದು ಕಿವಿ ಚೆನ್ನಾಗಿದೆ. ಬೆಳಗಿನ ಹೊತ್ತು ಕೆಲವು ದಿನ ನನ್ನ ಗುರುತು ಹಿಡಿಯುತ್ತಾಳೆ, ಕೆಲವು ದಿನ ಇಲ್ಲ. ಹಾಡನ್ನು ಮೊದಲೇ ಕಳಿಸಬೇಡಿ, ನಾನೂ ಅವಳ ಜೊತೆಗೇ ಕೇಳುತ್ತೇನೆ.

ಈಗ ಮಧ್ಯಾಹ್ನ. ಅಲ್ಲಿ ಬೆಳಗ್ಗೆ. ತಂಗಿ ಫೋನನ್ನು ಡಬ್ಬಿಯೊಂದಕ್ಕೆ ಒರಗಿಸಿ ನಿಲ್ಲಿಸಿದ್ದಾರೆ. ದರ್ಜಿಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಮ್ಮನ್ನು ಯಾರೂ ಕೇಳದಿದ್ದರೂ ಪರದೆಯ ಎದುರಿಗೇ ಕೂತಿದ್ದಾರೆ. ಪರದೆಯಲ್ಲಿ ಕಿಟಕಿ ಪಕ್ಕದ ಹಾಸಿಗೆ, ದಿಂಬಿಗೆ ಒರಗಿದ ಬೆಳ್ಳಿ ಕೂದಲ ಅಜ್ಜಿ, ಪಕ್ಕದಲ್ಲಿ ಐವತ್ತು ದಾಟಿದ ಮಗಳು. ಅಜ್ಜಿ ಕಿಟಕಿಯ ಕಡೆ ನೋಡುತ್ತಿದ್ದಾರೆ. ಇವತ್ತು ಗುರುತು ಸಿಗುತ್ತಿಲ್ಲ ಎಂದು ಮಗಳು ಮೆಲ್ಲಗೆ ಹೇಳುತ್ತಾರೆ. ರೆಕಾರ್ಡಕ್ಕ ಗುಂಡಿಯನ್ನು ಎರಡು ಸಲ ನೋಡಿ, ಮೂರನೇ ಸಲ ಬೆರಳಿಂದ ಮುಟ್ಟಿ ನೋಡಿ, ಮುಳ್ಳು ಇಳಿಸುತ್ತಾರೆ.

ಮೊದಲ ಹಾಡು ಮುಗಿಯುತ್ತದೆ. ಅಜ್ಜಿ ಕಿಟಕಿಯಿಂದ ಕಣ್ಣು ತೆಗೆಯುವುದಿಲ್ಲ. ಮಗಳು ಮಾತ್ರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಾರೆ. ಎರಡನೆಯದೂ ಮುಗಿಯುತ್ತದೆ. ರೆಕಾರ್ಡಕ್ಕ ರೆಕಾರ್ಡನ್ನು ಎತ್ತಿ ಮಗ್ಗುಲು ಬದಲಿಸುತ್ತಾರೆ. ಮೂರನೇ ಹಾಡಿನಲ್ಲಿ ಎತ್ತರಕ್ಕೆ ಹೋಗುವ ಒಂದು ಸಾಲಿದೆ, ಅದಕ್ಕೆ ಮುಂಚೆ ಹುಡುಗಿ ಗಬಕ್ಕನೆ ಒಂದು ಉಸಿರು ತೆಗೆದುಕೊಳ್ಳುತ್ತಾಳೆ. ಆ ಜಾಗ ಬರುವ ಒಂದು ಕ್ಷಣ ಮೊದಲು, ಪರದೆಯಲ್ಲಿ ಅಜ್ಜಿಯ ಭುಜ ಮೇಲೇಳುತ್ತದೆ. ಉಸಿರು ಒಳಗೆ ಹೋಗುತ್ತದೆ. ಹಾಡಿನೊಳಗಿನ ಉಸಿರೂ ಹಾಸಿಗೆಯ ಮೇಲಿನ ಉಸಿರೂ ಒಟ್ಟಿಗೇ ಬರುತ್ತವೆ.

“ಬಂದ್ರು,” ಎನ್ನುತ್ತಾರೆ ರೆಕಾರ್ಡಕ್ಕ. ಕಣ್ಣಿನಿಂದ ನೀರು ಇಳಿಯುತ್ತಿರುವುದು ಅವರಿಗೆ ಗೊತ್ತೇ ಇಲ್ಲ.

ನಾಲ್ಕನೆಯದು ಮುಗಿದ ಮೇಲೆ ಅಜ್ಜಿ ಕಿಟಕಿ ಬಿಟ್ಟು ಪರದೆಯನ್ನು ನೋಡಿ ಏನೋ ಕೇಳುತ್ತಾರೆ. ಮಗಳು ಇಂಗ್ಲಿಷಿನಲ್ಲಿ, ತಂಗಿ ನಮ್ಮ ಮಾತಿನಲ್ಲಿ ಅದನ್ನು ದಾಟಿಸುತ್ತಾರೆ: ಇದನ್ನು ಯಾರಾದರೂ ಕೇಳಿದ್ದಾರಾ?

“ನಾವು ಮೂರು ಜನ,” ಎನ್ನುತ್ತಾರೆ ರೆಕಾರ್ಡಕ್ಕ. “ಒಂಬತ್ತು ವರ್ಷದಿಂದ, ಪ್ರತಿ ಭಾನುವಾರ. ತಪ್ಪು ವೇಗದಲ್ಲಿ ಕೇಳಿದೀವಿ, ಅದನ್ನೂ ಹೇಳು. ಗಂಡಸು ಅಂದ್ಕೊಂಡು ಕೇಳಿದೀವಿ.”

ಆಚೆ ಕಡೆ ಮಗಳು ಅಜ್ಜಿಯ ಒಳ್ಳೆಯ ಕಿವಿಗೆ ಬಾಗಿ ಹೇಳುತ್ತಾರೆ. ಅಜ್ಜಿ ತುಟಿ ಬಿಗಿಹಿಡಿದು ನಗು ತಡೆಯಲು ನೋಡಿ, ಆಗದೆ, ಜೋರಾಗಿ ನಗುತ್ತಾರೆ. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕುತ್ತಾ ಯೋಚಿಸುತ್ತಾರೆ. ಕೊನೆಗೆ ಮಗಳ ಹೆಸರು ಹಿಡಿದು ಕರೆದು ಒಂದು ಮಾತು ಹೇಳುತ್ತಾರೆ. ಮಗಳು ಅಜ್ಜಿಯ ಕೈ ಹಿಡಿದುಕೊಂಡು ಅದನ್ನು ದಾಟಿಸುತ್ತಾರೆ. “ಇಷ್ಟು ವರ್ಷ ಅಮ್ಮ ನನಗೆ ಹೇಳುತ್ತಿದ್ದದ್ದು, ನಾನು ಗಾಯಕಿಯಲ್ಲ, ಒಂದು ಮಧ್ಯಾಹ್ನ ಹಾಡಿದವಳು ಅಷ್ಟೆ ಅಂತ. ಈಗ ಕೇಳುತ್ತಿದ್ದಾಳೆ, ಪ್ರತಿ ಭಾನುವಾರ ಕೇಳುವವರಿದ್ದರು ಅಂದಮೇಲೆ ನಾನು ಗಾಯಕಿಯೇ ಅಲ್ಲವಾ ಅಂತ.”

ತಂಗಿ ಅಕ್ಕನ ಮುಖ ನೋಡುತ್ತಾರೆ. ದರ್ಜಿಯವರು ಇಸ್ತ್ರಿ ಮಾಡಿದ ಅಂಗಿಯ ತೋಳಿನಲ್ಲೇ ಮೂಗೊರೆಸಿಕೊಳ್ಳುತ್ತಾರೆ. ರೆಕಾರ್ಡಕ್ಕ ಎದ್ದು ನಿಂತು, ದೊಡ್ಡವರ ಮುಂದೆ ನಿಲ್ಲುವ ಹಾಗೆ ಕೈ ಕಟ್ಟಿಕೊಂಡು ಪರದೆಗೆ ಹತ್ತಿರ ಬರುತ್ತಾರೆ.

“ಹೌದು ಅಂತ ಹೇಳು. ಗಾಯಕೀನೇ ಅಂತ ಹೇಳು. ತಪ್ಪು ನನ್ನ ಗುಂಡಿದು, ಅವರ ಗಂಟಲಿನದಲ್ಲ ಅಂತಲೂ ಹೇಳು.”