ಅರ್ಧ ಗುಳಿಗೆಯ ಪಾಲುದಾರ

1999ರಲ್ಲಿ ನಾನು ವಾಡಿಯ ಒಂದು ದವಾಖಾನೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಕಾರ್ಮಿಕರ ಸರಕಾರಿ ವಿಮೆ ನಡೆಯುತ್ತಿದ್ದ ದವಾಖಾನೆ ಅದು. ವಿಮೆಯ ಪುಸ್ತಕವಿದ್ದರೆ ತಪಾಸಣೆ, ಔಷಧಿ ಎರಡೂ ಪುಕ್ಕಟೆ. ನಿವೃತ್ತರಾದವರೂ ವರ್ಷಕ್ಕೊಮ್ಮೆ ಸಣ್ಣ ವಂತಿಗೆ ಕಟ್ಟಿ ಅದನ್ನು ಮುಂದುವರಿಸಿಕೊಳ್ಳಬಹುದಿತ್ತು. ಹರೆಯದವರ ನೂಕುನುಗ್ಗಲಿನಲ್ಲಿ ಮುದುಕರು ಹಿಂದೆ ಬೀಳುವುದನ್ನು ನೋಡಲಾಗದೆ, ಗುರುವಾರ ಬೆಳಿಗ್ಗೆಯನ್ನು ಅವರಿಗೆಂದೇ ಮೀಸಲಿಟ್ಟಿದ್ದೆ. ನಾನು ಸೇಡಮ್ಮಿನವಳು, ಬಾಯಿ ಜೋರು. ಆದರೂ ಅವರು ನನ್ನನ್ನು ಬಿಟ್ಟು ಹೋಗುತ್ತಿರಲಿಲ್ಲ.

ಅವರಲ್ಲಿ ರಾವೂರಿನ ಶರಣಪ್ಪ ಮುತ್ಯಾ ಒಬ್ಬ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತೇವೆ. ಸುಣ್ಣಕಲ್ಲಿನ ಗಣಿಯಲ್ಲಿ ಮೂವತ್ತು ವರ್ಷ ದುಡಿದವನು. ದಿನಕ್ಕೊಂದರಂತೆ ತಿಂಗಳಿಗೆ ಮೂವತ್ತು ಬಿ.ಪಿ. ಗುಳಿಗೆ ಒಯ್ಯುತ್ತಿದ್ದ. ಮೂರು ತಿಂಗಳಾದರೂ ಬಿ.ಪಿ. 180ರಿಂದ ಕೆಳಗಿಳಿಯಲಿಲ್ಲ. ನಾನು ಉಪ್ಪಿನ ಮೇಲೆ ಗೂಬೆ ಕೂರಿಸಿದೆ.

"ಮುತ್ಯಾ, ಇವತ್ತಿನಿಂದ ಶೇಂಗಾ ಹಿಂಡಿ, ಉಪ್ಪಿನಕಾಯಿ ಬಂದ್!"

"ಆತು ಯವ್ವಾ," ಎಂದ. ಉಪ್ಪುಖಾರದ ಚಟ್ನಿಪುಡಿಯಾದ ಈ ಹಿಂಡಿ ಇಲ್ಲದೆ ರೊಟ್ಟಿ ತಿನ್ನುವುದು ನಮ್ಮವರಿಗೆ ಸಣ್ಣ ಶಿಕ್ಷೆಯೇನಲ್ಲ. ಪಾಪ, ಪೂರ್ತಿ ಒಂದು ತಿಂಗಳು ಅನುಭವಿಸಿದ. ಬಿ.ಪಿ. ಮಾತ್ರ ಅಲ್ಲೇ ಇತ್ತು.

ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ ದಿನಕ್ಕೆರಡು ಗುಳಿಗೆ ಬರೆದೆ. ಡೋಸ್ ಏರಿತೆಂದರೆ ಯಾರಾದರೂ ಹೆದರುತ್ತಾರೆ. ಮುತ್ಯಾನ ಮುಖ ಅರಳಿತು.

"ಭಾಳ ಛಲೋ ಆತು ಯವ್ವಾ! ಇನ್ನ ಒಬ್ಬೊಬ್ಬರಿಗೆ ಪೂರಾ ಒಂದೊಂದು ಆಯ್ತದ," ಎಂದವನು ನಾಲಿಗೆ ಕಚ್ಚಿಕೊಂಡ.

ಕುರ್ಚಿ ಬಿಟ್ಟು ಏಳಗೊಡದೆ ಕೇಳಿದ ಮೇಲೆ ಬಾಯಿಬಿಟ್ಟ. ಅವನ ಗೆಳೆಯ ಮರೆಪ್ಪನಿಗೂ ಅದೇ ಕಾಯಿಲೆ. ದಿನಾ ಒಂದು ಗುಳಿಗೆ ಮುರಿದು ಇಬ್ಬರೂ ಅರ್ಧರ್ಧ ನುಂಗುತ್ತಿದ್ದರು. ಇಬ್ಬರೂ ಒಂದೇ ದಿನ ನಿವೃತ್ತರಾದವರು. ಅಂದು ಕೊರಳಲ್ಲಿ ಹಾರ ಇರುವಾಗಲೇ ಮರೆಪ್ಪ ಹೆಲ್ಮೆಟ್, ಗೇಟ್ ಪಾಸ್ ಜೊತೆಗೆ ಯಾರೂ ಕೇಳದ ವಿಮೆ ಪುಸ್ತಕವನ್ನೂ ಆಫೀಸಿನ ಮೇಜಿನ ಮೇಲಿಟ್ಟು ಬಂದಿದ್ದ. ನೌಕರಿಯ ಸಾಮಾನು ನೌಕರಿಯ ಜೊತೆಗೇ ಹೋಗಬೇಕೆಂಬುದು ಅವನ ನೇಮ. ಆಮೇಲೆ ಶಹಾಬಾದ್, ಚಿತ್ತಾಪುರ ಸುತ್ತಿದರೂ ಪುಸ್ತಕವಿಲ್ಲದವನನ್ನು ವಿಮೆಯಡಿ ನೋಡುವವರು ಸಿಗಲಿಲ್ಲ.

ಹೇಳಿಕಳಿಸಿದರೂ ಮರೆಪ್ಪ ದವಾಖಾನೆಗೆ ಬರಲಿಲ್ಲ. ಭಾನುವಾರ ನಾನೇ ರಾವೂರಿಗೆ ಹೋದೆ. ಅವನ ಬಿ.ಪಿ. 210 ಇತ್ತು. ಹೀಗೇ ಬಿಟ್ಟರೆ ಯಾವ ಗಳಿಗೆಯಲ್ಲಾದರೂ ಲಕ್ವಾ ಹೊಡೆಯಬಹುದಿತ್ತು. ಗಣಿಯ ಆಫೀಸಿನಿಂದ ಸರ್ವಿಸ್ ಸರ್ಟಿಫಿಕೇಟ್ ತಂದರೆ ಹೊಸ ಪುಸ್ತಕ ಮಾಡಿಸಬಹುದು ಎಂದೆ.

"ಕೈಯಾರೆ ಕೊಟ್ಟು ಬಂದದ್ದು ತಿರುಗಿ ಹ್ಯಾಂಗ ಕೇಳ್ಲಿ ಯವ್ವಾ? ಬೇಡಿದಂಗ ಆಯ್ತದ," ಎಂದ ಮರೆಪ್ಪ.

ಪಕ್ಕದಲ್ಲೇ ಕುಳಿತಿದ್ದ ಶರಣಪ್ಪ ಎದ್ದು ನಿಂತ.

"ನೀ ಕೇಳಂಗಿಲ್ಲಂದ್ರ ನಾ ಅರ್ಧಾನೂ ನುಂಗಂಗಿಲ್ಲ. ಲಕ್ವಾ ಹೊಡದ್ರ ಇಬ್ಬರಿಗೂ ಹೊಡೀಲಿ!"

ಮರೆಪ್ಪ ಮರುದಿನ ರುಮಾಲು ಸುತ್ತಿಕೊಂಡು ಗಣಿಯ ಆಫೀಸಿಗೆ ಹೋದ. ಪುಸ್ತಕ ಬರಲು ಆರು ವಾರ ಹಿಡಿಯಿತು. ಅಲ್ಲಿಯವರೆಗೆ ಔಷಧಿ ಕಂಪನಿಯವರು ಕೊಟ್ಟ ಸ್ಯಾಂಪಲ್ ಗುಳಿಗೆಗಳಲ್ಲಿ ಅವನನ್ನು ಸಂಭಾಳಿಸಿದೆ. ಶರಣಪ್ಪನಿಗೆ ಬರೆದ ಎರಡನೇ ಗುಳಿಗೆಯನ್ನು ಹೊಡೆದುಹಾಕಿದೆ. ದಿನಾ ಇಡೀ ಒಂದು ನುಂಗಿದ್ದೇ ತಡ, ಅವನ ಬಿ.ಪಿ. ಇಳಿಯತೊಡಗಿತು.

ಹೊಸ ಪುಸ್ತಕ ಹಿಡಿದು ಮರೆಪ್ಪ ಬಂದ ಗುರುವಾರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತನ್ನ ಪಾಲಿನ ಮೂವತ್ತು ಗುಳಿಗೆ ಇಸಿದುಕೊಂಡ. ಬೆಂಚಿನ ಮೇಲೆ ಕುಳಿತು, ಅದರಲ್ಲಿ ಹದಿನೈದು ಎಣಿಸಿ ಶರಣಪ್ಪನ ಕಡೆ ಸರಿಸಿದ.

"ನಾಕು ತಿಂಗಳು ನಿಂದು ತಿಂದೀನಿ. ಇದು ಮೊದಲ್ನೇ ತಿಂಗಳಿಂದು, ತಗೋ."

ಬೈಯಬೇಕೆಂದು ಎದ್ದೆ. ಅಷ್ಟರಲ್ಲೇ ಗುಳಿಗೆಗಳನ್ನೆಲ್ಲ ಬಳಿದು ಮರೆಪ್ಪನ ಜೇಬಿಗೆ ತುರುಕಿದ್ದ ಶರಣಪ್ಪ.

ಔಷಧಿ ನಾಟದಿದ್ದರೆ ಡೋಸ್ ಏರಿಸಬೇಕೆಂದು ನನಗೆ ಕಾಲೇಜಿನಲ್ಲಿ ಕಲಿಸಿದ್ದರು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ ಎಂದು ಕಲಿಸಿದವರು ಈ ಇಬ್ಬರು. ನಿವೃತ್ತಳಾಗುವವರೆಗೂ ನಾನು ಬಂದ ಮುದುಕರನ್ನೆಲ್ಲ, "ನಿಮ್ಮ ಗುಳಿಗಿ ಮತ್ತ ಯಾರಿಗೆ ಕೊಡಾಕತ್ತೀರಿ?" ಎಂದು ಕೇಳುತ್ತಿದ್ದೆ. ಉತ್ತರ ಕೊಡದೆ ನೆಲ ನೋಡಿದವರ ಊರಿಗೆ ಭಾನುವಾರ ಹೋಗುತ್ತಿದ್ದೆ.