ಕುಸಾಕಾನ ಕಿವಿ

ಶಿಮೊತ್ಸುಮಾ ಊರಾಚೆ, ಗದ್ದೆಗಳ ನಡುವಿನ ತಗಡಿನ ಶೆಡ್ಡಿನಲ್ಲಿ ಕುಸಾಕಾ ಸೇಜಿ ಎಂಜಿನ್‌ಗಳ ಜೊತೆ ಬದುಕುತ್ತಾನೆ. ಟ್ರ್ಯಾಕಿನಲ್ಲಿ ಓಡಿಸುವ ಕಾರುಗಳನ್ನು ಎಂಜಿನ್ನಿನ ಬಲ ಅಳೆಯುವ ಡೈನೋದ ರೋಲರ್ ಮೇಲೆ ಹತ್ತಿಸಿ, ನಾಲ್ಕೂ ಕಡೆ ಪಟ್ಟಿ ಬಿಗಿದು, ನಿಂತ ಜಾಗದಲ್ಲೇ ನೂರೈವತ್ತರ ವೇಗಕ್ಕೆ ಓಡಿಸುತ್ತ, ಪೆಟ್ರೋಲು ಎಷ್ಟು ಬೇಕು, ಕಿಡಿ ಯಾವ ಗಳಿಗೆಗೆ ಹಾರಬೇಕು ಎಂದು ಕಂಪ್ಯೂಟರಿನಲ್ಲಿ ತಿದ್ದುವುದು ಅವನ ಕಸುಬು. ಅರವತ್ತು ದಾಟಿದ ಮನುಷ್ಯ. ಮೊಂಡ. ಗಿರಾಕಿಗಳನ್ನು ಬೈಯುವುದರಲ್ಲಿ ಎತ್ತಿದ ಕೈ. ಬೈಸಿಕೊಂಡವರೇ ಮತ್ತೆ ಮತ್ತೆ ಬರುತ್ತಾರೆ, ಅದೇನು ಮೋಡಿಯೋ!

ಮೋಡಿಯೂ ಇಲ್ಲ, ಮಣ್ಣೂ ಇಲ್ಲ. ಅವನು ಹೊಂದಿಸಿಕೊಟ್ಟ ಎಂಜಿನ್ ಒಡೆಯುವುದಿಲ್ಲ, ಅಷ್ಟೇ. ಕಿಡಿ ತೀರಾ ಬೇಗ ಹಾರಿದರೆ ಸಿಲಿಂಡರಿನೊಳಗೆ ಪೆಟ್ರೋಲು ಅಡ್ಡಾದಿಡ್ಡಿ ಸಿಡಿದು ಪಿಸ್ಟನ್ನನ್ನು ಬಡಿಯುತ್ತದೆ. ನಾಕಿಂಗ್ ಎಂದರೆ ಅದೇ. ಗಾಜಿನ ಗೋಲಿ ತಗಡಿಗೆ ತಾಗಿದಂಥ ತೆಳು ಸದ್ದು. ಆ ಆರ್ಭಟದಲ್ಲಿ ಅದನ್ನು ಹಿಡಿಯಲು ಕುಸಾಕಾ ಎಂಜಿನ್ನಿಗೆ ಒಂದು ತಾಮ್ರದ ನಳಿಗೆ ಬಿಗಿದು, ಅದಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಹೊರಗಿನ ಸದ್ದು ತಡೆಯುವ ಕಿವಿಗಾಪಿಗೆ ಜೋಡಿಸಿ ತಲೆಗೆ ಹಾಕಿಕೊಳ್ಳುತ್ತಾನೆ. ಇದಕ್ಕೆ ಸೆನ್ಸರ್ ಇಲ್ಲವೇ? ಇದೆ. ಆದರೆ ಟ್ರ್ಯಾಕಿಗೆಂದು ಹಾಕುವ ಗಟ್ಟಿ ಪಿಸ್ಟನ್‌ಗಳು ತಾವೇ ಗಡಗಡ ಎನ್ನುತ್ತವೆ. ಸೆನ್ಸರ್ ಪಾಪ ಯಾವುದು ಯಾವುದೆಂದು ತಿಳಿಯದೆ ಸುಮ್ಮಸುಮ್ಮನೆ ಬೊಬ್ಬೆ ಹಾಕುತ್ತದೆ. ಆದ್ದರಿಂದ ಕುಸಾಕಾ ನಂಬುವುದು ತನ್ನ ಎರಡು ಕಿವಿಗಳನ್ನು ಮಾತ್ರ. ಆ ಕಿವಿಗಾಪನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಗಿರಾಕಿ ಡೈನೋ ಕೋಣೆಯ ಹೊಸ್ತಿಲನ್ನೂ ದಾಟುವಂತಿಲ್ಲ.

ಆ ಶುಕ್ರವಾರ ರೋಲರ್ ಮೇಲಿದ್ದದ್ದು ಅಯಾಬೆಯ ಬಿಳಿ ಟರ್ಬೊ ಕಾರು. ಅಯಾಬೆ ಊರೊಳಗೆ ಲಾಂಡ್ರಿ ಅಂಗಡಿ ಇಟ್ಟುಕೊಂಡವನು, ಐವತ್ತರ ಆಸುಪಾಸು. ಹಿಂದಿನ ವರ್ಷ, ನಾನೂರು ಕುದುರೆಶಕ್ತಿ ಎಂದು ಬರೆದ ಕಾಗದವೊಂದನ್ನು ಗೋಡೆಗೆ ಅಂಟಿಸಿಕೊಳ್ಳುವ ಹುಚ್ಚಿನಲ್ಲಿ, ಬೇರೆಲ್ಲೋ ಟರ್ಬೊ ಒತ್ತಡ ಏರಿಸಿಕೊಂಡು ಬಂದಿದ್ದ. ಟ್ರ್ಯಾಕಿನ ಹಿಂಬದಿಯ ನೇರ ಹಾದಿಯ ಕೊನೆಯಲ್ಲಿ ಪಿಸ್ಟನ್ ಒಡೆದು ಎಂಜಿನ್ ಕಚ್ಚಿಕೊಂಡಿತು. ಚಕ್ರಗಳು ನಿಂತವು, ಕಾರು ಗಿರ್ರನೆ ತಿರುಗಿ ಗೋಡೆಗೆ ಬಡಿಯಿತು, ಅಯಾಬೆಯ ಬಲಗಾಲಿನ ಹರಡು ಪುಡಿಯಾಯಿತು. ಬೇಸಿಗೆಯುದ್ದಕ್ಕೂ ಕುಸಾಕಾ ಆ ಎಂಜಿನ್ನನ್ನು ಹೊಸದಾಗಿ ಕಟ್ಟಿದ್ದ. ಭಾನುವಾರ ಅಯಾಬೆ ಮೊದಲ ಸಲ ಮತ್ತೆ ಟ್ರ್ಯಾಕಿಗೆ ಇಳಿಯುವವನಿದ್ದ.

"ಶಾಚೋ, ನಾನೂರು ಮುಟ್ಟುತ್ತಾ?" ಕುಂಟುತ್ತ ಬಂದ ಅಯಾಬೆ ಒಣಗಿಸಿದ ಗೆಣಸಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟ. ಅಂಗಡಿ ಯಜಮಾನನನ್ನು ಎಲ್ಲರೂ ಶಾಚೋ ಎಂದೇ ಕರೆಯುವುದು.

"ಮುಟ್ಟುತ್ತೆ. ನಿನ್ನ ಇನ್ನೊಂದು ಕಾಲೂ ಮುರಿಯುತ್ತೆ. ಆಗಬಹುದಾ?"

"ಅಯ್ಯೋ, ಒಂದು ಮಾತು ಕೇಳಿದ್ದಕ್ಕೆ ಹೀಗಾ! ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋರು ಹೊರಗೆ ಕೂತ್ಕೊಂಡು ಗೆಣಸು ತಿನ್ನಬೇಕು. ನೊಬುಕೊ, ಇವನಿಗೆ ಚಹಾ ಕೊಡು, ಬಾಯಿ ಮುಚ್ಚಲಿ."

ಹೆಂಡತಿ ನೊಬುಕೊ ನಕ್ಕು ಚಹಾ ಬಗ್ಗಿಸಿದಳು. ಕುಸಾಕಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕಡಿಮೆ ವೇಗದ ಕೆಲಸ ಆಗಲೇ ಮುಗಿದಿತ್ತು. ತಣ್ಣಗಿದ್ದಾಗಲೂ ಕಾರು ಒಂದೇ ಸಲಕ್ಕೆ ಶುರುವಾಗುತ್ತಿತ್ತು. ಪೆಡಲನ್ನು ಉಗುರಿನಷ್ಟು ಒತ್ತಿದರೆ ಉಗುರಿನಷ್ಟೇ ಎಳೆಯುತ್ತಿತ್ತು, ಗುದ್ದುತ್ತಿರಲಿಲ್ಲ. ತಿರುವಿನಿಂದ ಹೊರಬರುವಾಗ ಜೀವ ಉಳಿಸುವುದು ಆ ಗುಣವೇ ಹೊರತು ಗೋಡೆಯ ಮೇಲಿನ ಅಂಕಿಯಲ್ಲ ಎಂದು ಅವನು ಬೈದು ಬೈದು ಹೇಳುತ್ತಿದ್ದ. ಇನ್ನುಳಿದದ್ದು ಪೂರಾ ಪೆಡಲ್ ಒತ್ತಿ ಕಿಡಿಯ ಹೊತ್ತನ್ನು ಹಿಡಿಯುವುದು. ಕಿಡಿಯನ್ನು ಒಂದೊಂದೇ ಡಿಗ್ರಿ ಮುಂದಕ್ಕೆ, ಅಂದರೆ ಇನ್ನಷ್ಟು ಬೇಗ ಹಾರುವಂತೆ, ತರುತ್ತ ಹೋಗಬೇಕು. ಎಲ್ಲಿ ಆ ತೆಳು ಸದ್ದು ಮೊದಲು ಸುಳಿಯುತ್ತದೋ ಅಲ್ಲಿಂದ ಧಾರಾಳವಾಗಿ ಹಿಂದೆ ಸರಿಯಬೇಕು.

ಫ್ಯಾನ್‌ಗಳು ಮೊರೆದವು. ಅವನು ಕಿವಿಗಾಪು ಹಾಕಿ ಪೆಡಲ್ ಒತ್ತಿದ. ಎಂಜಿನ್ ಕೂಗುತ್ತ ಮೇಲೇರಿತು, ಇಳಿಯಿತು. ಸದ್ದಿಲ್ಲ. ಒಂದು ಡಿಗ್ರಿ ಮುಂದೆ. ಪರದೆಯ ಮೇಲೆ ಬಲ ತೋರಿಸುವ ಗೆರೆ ಚೂರು ಏರಿತು. ಸದ್ದಿಲ್ಲ. ಇನ್ನೊಂದು. ಗೆರೆ ಏರಲಿಲ್ಲ. ಸದ್ದೂ ಇಲ್ಲ. ಇನ್ನೊಂದು. ಗೆರೆ ಈ ಸಲ ಕೆಳಗಿಳಿಯಿತು.

ಕುಸಾಕಾ ಪೆಡಲಿನಿಂದ ಕಾಲು ಕಿತ್ತು ಎಂಜಿನ್ ಆರಿಸಿದ. ಕಿಡಿ ಮುಂದೆ ಬಂದರೂ ಬಲ ಕುಗ್ಗಿತೆಂದರೆ ಒಳಗೆ ಏನೋ ಬಡಿಯುತ್ತಿದೆ. ಈ ಜಾತಿಯ ಎಂಜಿನ್ ಇಷ್ಟು ಹೊತ್ತಿಗೆ ಕಿಣಿಕಿಣಿ ಎನ್ನಲೇಬೇಕಿತ್ತು. ಅವನ ಕಿವಿಯಲ್ಲಿ ಮಾತ್ರ ಏನೂ ಇರಲಿಲ್ಲ.

ಕೈ ಸುಡುತ್ತಿದ್ದರೂ ಕಿಡಿ ಹಾರಿಸುವ ಪ್ಲಗ್‌ಗಳನ್ನು ಒಂದೊಂದಾಗಿ ಬಿಚ್ಚಿದ. ಮೂರು ಸ್ವಚ್ಛವಾಗಿದ್ದವು. ನಾಲ್ಕನೆಯದರ ಬಿಳಿ ಪಿಂಗಾಣಿಯ ಮೇಲೆ ಬೆಳ್ಳಿಯಂಥ ಸಣ್ಣ ಚುಕ್ಕೆಗಳು. ಪಿಸ್ಟನ್ನಿನ ಲೋಹವೇ ಕರಗಿ ಹಾರಿ ಅಂಟಿಕೊಂಡದ್ದು. ಎಂಜಿನ್ ಬಾಯಿ ಬಡಿದುಕೊಂಡಿದೆ, ತನಗೆ ಕೇಳಿಸಿಲ್ಲ! ಪ್ಲಗ್ಗಿನ ತೂತಿನಿಂದ ಕ್ಯಾಮೆರಾದ ತಂತಿ ಇಳಿಸಿ ನೋಡಿದ. ಪಿಸ್ಟನ್ನಿನ ಅಂಚು ಇನ್ನೂ ಗಟ್ಟಿಯಾಗಿತ್ತು. ಇನ್ನು ನಾಲ್ಕು ಸಲ ಒತ್ತಿದ್ದರೆ ಇರುತ್ತಿರಲಿಲ್ಲ.

ಹಿಂಬಾಗಿಲಿನಿಂದ ಬಂದ ನೊಬುಕೊ ಅವನ ಮುಖ ನೋಡಿ ಅಲ್ಲೇ ನಿಂತಳು. ಅವನು ಪ್ಲಗ್ ಅವಳ ಕೈಗಿಟ್ಟ. ಅವಳಿಗೆ ಅದನ್ನು ಓದುವುದು ಗೊತ್ತು.

"ಕೇಳಿಸ್ಲಿಲ್ವಾ?" ಎಂದಳು.

"ಇಲ್ಲ."

"ಅನ್ನದ ಕುಕ್ಕರ್ ಕೂಗಿದ್ದೂ ನಿಮಗೆ ಕೇಳ್ತಿಲ್ಲ ರೀ. ಟಿವಿ ಸಣ್ಣ ಮಾಡಿ ಅಂದ್ರೆ ನನ್ನ ಮೇಲೇ ಹಾರಿಬೀಳ್ತೀರಿ. ಡಾಕ್ಟರ ಹತ್ರ ಹೋಗಿ ಅಂತ ಬಡ್ಕೊಂಡೆ."

"ಹೋಗಿ ಏನು ಮಾಡ್ಲಿ? ಕುಸಾಕಾ ಕಿವುಡ ಅಂತ ಬೋರ್ಡು ಹಾಕ್ಲಾ?" ಅವನು ದನಿ ತಗ್ಗಿಸಿದ. "ಕಿಡಿ ಹಿಂದಕ್ಕೆ ತಗೊಂಡು ಕೊಟ್ಟುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಎಷ್ಟು ಹಿಂದಕ್ಕೆ? ಎಷ್ಟಾದ್ರೆ ಸಾಕು ಅಂತ ನಿಮಗೆ ಗೊತ್ತಾ?"

ಗೊತ್ತಿಲ್ಲ. ಅದೇ ಅಲ್ಲವೇ ತಾಪತ್ರಯ! ಅಂದಾಜಿನಲ್ಲಿ ಕೊಟ್ಟರೆ ಬಹುಶಃ ನಡೆಯುತ್ತದೆ. ಬಹುಶಃ ಎಂಬ ಮಾತನ್ನು ಹೊತ್ತುಕೊಂಡು ಅಯಾಬೆ ಭಾನುವಾರ ಆ ನೇರ ಹಾದಿಯಲ್ಲಿ, ಅದೇ ಗೋಡೆಯ ಕಡೆಗೆ ನುಗ್ಗುತ್ತಾನೆ. ಈ ಕಿವಿಗಳಿಲ್ಲದೆ ಹೋದರೆ ತಾನೇನು? ತಗಡಿನ ಶೆಡ್ಡು, ಬಾಯ್ತುಂಬ ಬೈಗುಳ. ಕುಸಾಕಾನಿಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ಎದ್ದು ಹೊರಗೆ ಹೋದ.

ಅಯಾಬೆಯ ಮುಂದೆ ಪ್ಲಗ್ ಇಟ್ಟು, ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ನಿಂತ. "ನನ್ನಿಂದ ತಪ್ಪಾಯ್ತು. ನಿನ್ನ ಎಂಜಿನ್ನಿಗೆ ಪೆಟ್ಟು ಬೀಳ್ತಿದ್ದಾಗ ನನಗೆ ಕೇಳಿಸ್ಲಿಲ್ಲ. ಪಿಸ್ಟನ್ ಉಳಿದಿದೆ. ನನ್ನ ಕಿವಿ ಹೋಗಿದೆ."

ಅಯಾಬೆ ಮೊದಲು ನಕ್ಕ, ತಮಾಷೆಯೆಂದುಕೊಂಡು. ಬಗ್ಗಿದ ತಲೆ ಮೇಲೇಳದ್ದನ್ನು ಕಂಡು ನಗು ಆರಿತು.

"ಯಾವಾಗಿಂದ?"

"ಬೇಸಿಗೆಯಿಂದ ಅನುಮಾನ ಇತ್ತು."

"ಇತ್ತಾ? ಇದ್ದೂ ನನ್ನ ಕಾರಿಗೆ ಕೈ ಹಾಕಿದ್ರಾ?" ಅಯಾಬೆಯ ಕೈಲಿದ್ದ ಚಹಾ ಚೆಲ್ಲಿತು. "ಈ ಕಾಲಿನಲ್ಲಿ ಮೊಳೆ ಹೊಡೆದಿದ್ದಾರೆ ಕಣ್ರೀ! ಕಂಡಕಂಡವರನ್ನೆಲ್ಲ ಬಿಟ್ಟು ನಿಮ್ಮ ಹತ್ರ ಬಂದೆ. ನಾನೂರು ಅಂದಿದ್ದಕ್ಕೆ ನಾಯಿಗೆ ಬೈದ ಹಾಗೆ ಬೈದ್ರಿ, ಒಳಗೆ ನೀವು ಮಾಡಿದ್ದೇನು?"

ಬಾಗಿಲನ್ನು ದಢಾರನೆ ಎಳೆದು ಹೊರಗೆ ಹೋದ. ಕುಂಟುತ್ತ ಗದ್ದೆಯಂಚಿನವರೆಗೆ ಹೋದ, ಅಲ್ಲೇ ನಿಂತ. ಕುಸಾಕಾ ಬಗ್ಗಿದವನು ಬಗ್ಗಿಯೇ ಇದ್ದ. ನೊಬುಕೊ ಚೆಲ್ಲಿದ ಚಹಾ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಅಯಾಬೆ ತಿರುಗಿ ಬಂದಾಗ ಕೋಪ ಇಳಿದಿರಲಿಲ್ಲ. "ಆ ಸದ್ದು ಹೇಗಿರುತ್ತೆ, ನನಗೆ ಕೇಳಿಸಿ. ನನ್ನ ಎಂಜಿನ್ನು. ನಾನೇ ಕೇಳ್ತೀನಿ."

ಕಿವಿಗಾಪು ಮೊದಲ ಸಲ ಬೇರೆಯವರ ತಲೆಗೇರಿತು. ಕುಸಾಕಾನೇ ಅದನ್ನು ಬಿಗಿಮಾಡಿದ. ಹೊಸ ಪ್ಲಗ್ ಹಾಕಿ, ಅಯಾಬೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ. ಎಂಜಿನ್ನಿಗೆ ಪೆಟ್ಟಾಗದಷ್ಟು ಕಡಿಮೆ ಭಾರದಲ್ಲಿ ಬೇಕೆಂದೇ ಕಿಡಿಯನ್ನು ಒಂದು ಕ್ಷಣ ಮುಂದೆ ಎಳೆದ. ಅಯಾಬೆಯ ಹುಬ್ಬು ಮೇಲೇರಿತು.

"ಟಿಣ್ ಟಿಣ್ ಅಂತು! ಇದೇನಾ?"

"ಅದೇ. ಕೇಳಿಸಿದ ತಕ್ಷಣ ನನ್ನ ತೋಳಿಗೆ ಹೊಡಿ. ಯೋಚನೆ ಮಾಡ್ಬೇಡ, ಮರ್ಯಾದೆ ನೋಡ್ಬೇಡ."

"ಮರ್ಯಾದೆ ನೋಡೋ ಹಾಗಿದ್ರೆ ಆಗಲೇ ಮನೆಗೆ ಹೋಗ್ತಿದ್ದೆ."

ಟರ್ಬೊ ಒತ್ತಡ ಇಳಿಸಿ, ಕಿಡಿಯನ್ನು ಬಹಳ ಹಿಂದೆ ಸರಿಸಿ, ಕುಸಾಕಾ ಪೆಡಲ್ ಒತ್ತಿದ. ಕಾರು ಪಟ್ಟಿಗಳನ್ನು ಜಗ್ಗುತ್ತ ಕಿರುಚಿತು. ಅಯಾಬೆಯ ಕೈ ಅವನ ತೋಳಿನ ಮೇಲೆ ಸುಮ್ಮನಿತ್ತು. ಒಂದು ಡಿಗ್ರಿ ಮುಂದೆ. ಸುಮ್ಮನಿತ್ತು. ಇನ್ನೊಂದು. ಕುಸಾಕಾನ ಕಣ್ಣು ಪರದೆಯ ಮೇಲೆ, ಪ್ರಾಣ ಆ ಅಂಗೈಯ ಕೆಳಗೆ. ಎಂಜಿನ್ನಿನ ಸುತ್ತು ಎಣಿಸುವ ಸೂಜಿ ಆರು ಸಾವಿರ ದಾಟುತ್ತಿದ್ದಂತೆ ಪಟಾರನೆ ಏಟು ಬಿತ್ತು. ಕಾಲು ಕಿತ್ತ.

"ಒಂದೇ ಸಲ. ಸಣ್ಣಗೆ. ಆದ್ರೆ ಕೇಳಿಸ್ತು."

ಅಲ್ಲಿಂದ ಮೂರು ಡಿಗ್ರಿ ಹಿಂದೆ ಸರಿದ, ಸುಡು ಬಿಸಿಲಿನ ದಿನಕ್ಕೂ ಸಾಲುವಷ್ಟು. ಪೆಟ್ರೋಲು ಕೊಂಚ ಹೆಚ್ಚಿಸಿದ. ಎಂಜಿನ್ ಚೆನ್ನಾಗಿ ಕಾದಾಗಲೇ ಬಿಡುವಿಲ್ಲದೆ ಮತ್ತೆ ಮತ್ತೆ ಓಡಿಸಿದ. ಏಟು ಬೀಳಲಿಲ್ಲ. ಪ್ಲಗ್ ಬಿಚ್ಚಿ ನೋಡಿದ, ನಾಲ್ಕೂ ಸ್ವಚ್ಛ. ಕಾಗದದ ಮೇಲೆ ಬಂದದ್ದು ಮುನ್ನೂರ ನಲವತ್ತು.

"ಏನೂ ಇಲ್ವಾ? ಖಂಡಿತ?" ಅವನು ಹತ್ತನೆಯ ಸಲ ಕೇಳಿದ.

"ಇಲ್ಲ ಅಂದ್ನಲ್ಲ! ಇಷ್ಟು ವರ್ಷ ನೀವು ಇಲ್ಲ ಅಂದ್ರೆ ಎಲ್ಲರೂ ಬಾಯಿ ಮುಚ್ಕೊಂಡು ಹತ್ತಿ ಕೂತ್ರು. ಈಗ ನಾನು ಇಲ್ಲ ಅಂತಿದ್ದೀನಿ. ಭಾನುವಾರ ನೀವು ನನ್ನ ಪಕ್ಕ ಕೂತ್ಕೊಳ್ತೀರಿ. ಕೂರಲ್ಲ ಅಂದ್ರೆ ಈ ಕಾರು ಇಲ್ಲೇ ಇರಲಿ, ನನಗೆ ಬೇಡ."

ಕುಸಾಕಾ ಮೂಲೆಯಲ್ಲಿದ್ದ ಹಳೆಯ ಹೆಲ್ಮೆಟ್ ಎತ್ತಿಕೊಂಡು ಧೂಳು ಒರೆಸಿದ.

ಭಾನುವಾರ ಬಿಸಿಲು ಚುರುಕಾಗಿತ್ತು. ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು ಕುಸಾಕಾ ಎಡಗಡೆಯ ಸೀಟಿನಲ್ಲಿ ಕೂತ. ಮೊದಲ ಸುತ್ತಿನಲ್ಲಿ ಅಯಾಬೆ ಹಿಂಬದಿಯ ನೇರ ಹಾದಿಯ ಅರ್ಧದಲ್ಲೇ ಪೆಡಲ್ ಬಿಟ್ಟ. ಎರಡನೆಯದರಲ್ಲೂ ಬಿಟ್ಟ. ಅವನ ಕಣ್ಣು ಕೊನೆಯ ಗೋಡೆಗೇ ನೆಟ್ಟಿದ್ದದ್ದು ಕುಸಾಕಾನಿಗೆ ಕಾಣಿಸುತ್ತಿತ್ತು. ಎಣ್ಣೆಯ ಬಿಸಿ ಸರಿಯಾಗಿತ್ತು, ನೀರಿನದೂ ಸರಿ. ತಿರುವುಗಳಲ್ಲಿ ಕಾರು ಹೇಳಿದಂತೆ ಕೇಳಿತು. ಉಳಿದದ್ದು ಆ ಹಾದಿಯೊಂದೇ.

ಮೂರನೆಯ ಸುತ್ತು. ಹಾದಿ ಬಿಚ್ಚಿಕೊಂಡಿತು. ಕೊನೆಯಲ್ಲಿ ಗೋಡೆ. ಎಂಜಿನ್ ಮೇಲೇರುತ್ತ ಹೋಯಿತು. ಕುಸಾಕಾ ಅಭ್ಯಾಸಬಲದಿಂದ ಕಿವಿಗೊಟ್ಟ, ಕಿವಿಯಲ್ಲಿ ಬರೀ ಮಂದವಾದ ಗುಡುಗು. ಈ ಗುಡುಗಿನೊಳಗೆ ಆ ತೆಳು ಸದ್ದು ಇದ್ದರೂ ತನಗೆ ತಿಳಿಯುವುದಿಲ್ಲ. ಅಯಾಬೆಯ ಕಾಲು ಸಡಿಲವಾಗತೊಡಗಿತು.

"ಒತ್ತು!" ಕುಸಾಕಾ ಕೂಗಿದ. "ನೀನು ಕೇಳಿದೀಯ, ನಾನು ನಂಬಿದೀನಿ. ಒತ್ತು!"

ಅಯಾಬೆ ಒತ್ತಿದ. ಹಿಂದಿನ ವರ್ಷ ಎಂಜಿನ್ ಕಚ್ಚಿಕೊಂಡ ಜಾಗ ಬಂತು. ಹೋಯಿತು. ಬ್ರೇಕ್ ಬಿತ್ತು, ಕಾರು ಮೂತಿ ತಗ್ಗಿಸಿ, ಗೋಡೆಗೆ ಬೆನ್ನು ತಿರುಗಿಸಿ, ತಿರುವಿನಿಂದ ಮೆತ್ತಗೆ ಹೊರಗೆ ಬಂತು.

"ಶಾಚೋ, ನನ್ನ ತೋಳು ಬಿಡಿ," ಎಂದ ಅಯಾಬೆ. "ಸ್ಟೀರಿಂಗ್ ತಿರುಗಿಸೋಕಾಗ್ತಿಲ್ಲ."