ಪಾರಿವಾಳ ಬಿದ್ದ ಬಾವಿ

ಹಳಿಯಾಳದಾಗ ನಮ್ಮ ಹಿತ್ತಲಗ್ವಾಡಿಗೆ ಹತ್ತಿ ಒಂದು ಮದರಸಾ ಇತ್ತು. ದೂರದೂರದ ಹುಡುಗೂರು ಅಲ್ಲೇ ಉಂಡು, ಅಲ್ಲೇ ಮಲಗಿ ಓದತಿದ್ರು. ದಾಂಡೇಲ್ಯಾಗ ಕಾಗದದ ಕಾರ್ಖಾನಿ ಹೊಸದಾಗಿ ಸುರು ಆದ ಕಾಲ ಅದು. ಮದರಸಾಕ್ಕ ನೀರು ಸೇದಾಂವ ಮಕ್ತುಮಸಾಬ. ನಾ ಸಾಬಣ್ಣಾ ಅಂತಿದ್ದೆ. ಎಂಥಾ ಮನಶಾ ಅಂತೀರಿ! ನಮಾಜಿನ ಮುಂದ ಹುಡುಗೂರು ಕೈಕಾಲು ಮಾರಿ ತೊಳಕೊಂಡ ನೀರು ಗಟಾರಕ್ಕ ಹೋಗಗೊಡತಿರಲಿಲ್ಲ, ಕಾಲವಿ ತಗದು ಬೇವಿನ ಸಸಿಗೆ ಬಿಡತಿದ್ದ. ಯಾವನರ ಎರಡನೇ ತಂಬಿಗಿಗೆ ಕೈ ಹಾಕಿದ್ರ, "ಹೊಳಿ ದಂಡ್ಯಾಗ ಕುಂತ್ರೂ ನೀರು ಹಾಳು ಮಾಡಬಾರದು" ಅಂತ ಕಿವಿ ಹಿಂಡತಿದ್ದ.

ಆ ವರ್ಷ ಸುಡುಗಾಡು ಬ್ಯಾಸಗಿ. ಬಾವಿಗಳೆಲ್ಲಾ ತಳಾ ಕಂಡಿದ್ವು. ಒಂದು ಮಧ್ಯಾಹ್ನ ಸಾಬಣ್ಣನ ಕೊಡದಾಗ ಸತ್ತ ಪಾರಿವಾಳ ಮ್ಯಾಲ ಬಂತು, ಉಬ್ಬಿತ್ತು. ಅವರ ಶಾಸ್ತ್ರದಾಗ ಅಂಥಾ ಬಾವಿ ಪೂರ್ತಿ ಸೇದಿ ಖಾಲಿ ಮಾಡಬೇಕು. ಮಾಡಿದ್ರ ಮಳಿ ಬರೂತನಕ ಮತ್ತ ನೀರು ಬರೂದಿಲ್ಲ, ಮದರಸಾ ಮುಚ್ಚಬೇಕು. ಅವರಾಗ ತಂದಿತಾಯಿ ಇಲ್ಲದ ಕೂಸುಗಳು ಎಲ್ಲಿಗೆ ಹೋಗಬೇಕು?

"ಯಾರೂ ನೋಡಿಲ್ಲ ಸಾಬಣ್ಣಾ, ಅತ್ತಾಗ ಒಗಿ" ಅಂದೆ ಗ್ವಾಡಿ ಮ್ಯಾಲಿಂದ.

"ಮ್ಯಾಲಿನಾಂವ ನೋಡ್ಯಾನಲ್ಲ, ಶಂಕ್ರೆವ್ವಾ."

"ಖರೇತನ ಕುಡದ್ರ ನೀರಡಿಕಿ ಹೋಗತೈತೇನು?" ಅಂತ ಬೈದೆ. ಕೇಳಲಿಲ್ಲ. ಹುಡುಗೂರು ಹಗ್ಗ ಜಗ್ಗಿದ್ರು, ಆ ನೀರೂ ಗಿಡಕ್ಕೇ ಹೋತು. ನಾಳೆ ಎಲ್ಲಾರನೂ ಕಳಿಸಿಬಿಡೂಣು ಅಂತ ಪಾಠ ಹೇಳೂ ದೊಡ್ಡ ಉಸ್ತಾದರು ಹೇಳಿದ್ರು.

ಮರುದಿನ ನಸುಕಿನ್ಯಾಗ ಹಿತ್ತಲಕ್ಕ ಬಂದೆ. ಕಾಡಿನ ಕಡಿಂದ ತಂಪು ಗಾಳಿ. ಗ್ವಾಡಿ ಆಚಿಕ ಹುಡುಗೂರು ಸಾಲಾಗಿ ಕುಂತು, ಒಣಮಣ್ಣಿಗೆ ಅಂಗೈ ತಟ್ಟಿ, ಊದಿ, ಮೆಲ್ಲಕ ಮಾರಿಗೆ ಸವರಿಕೊಳ್ಳಾಕತ್ತಿದ್ರು. ನೀರಿಲ್ಲದಾಗ ಹಂಗ ಮಾಡೂದು ಅವರ ಪದ್ಧತಿ. ಒಂದು ಸಪ್ಪಳಿಲ್ಲ. ಹಾಲಿನಂಥಾ ಬೆಳಕಿನ್ಯಾಗ ಧೂಳು ತೇಲತಿತ್ತು. ಕನಸೋ ಏನೋ ಅನಸ್ತು.

ನಮ್ಮ ಬಾವ್ಯಾಗೂ ಮೊಣಕಾಲುಮಟ ಅಷ್ಟ ನೀರು. ಮನ್ಯಾಗ ಬಾಣಂತಿ ಮಗಳು. ಆಗಿದ್ದಾಗಲಿ ಅಂತ ಹಿತ್ತಲಬಾಗಲಾ ತಗದೆ. "ಬರ್ರೋ, ಮಳಿ ಬರೂತನಕ ಇಲ್ಲೇ ಸೇದ್ರಿ! ಯಾರೂ ಎಲ್ಲೂ ಹೋಗೂದು ಬ್ಯಾಡ!"

ಹುಡುಗೂರು ನಕ್ಕೋತ ಮಣ್ಣು ಝಾಡಿಸಿ ಎದ್ರು. ನೀರು ಸಿಕ್ಕ ಮ್ಯಾಲ ಮಣ್ಣು ನಡಿಯೂದಿಲ್ಲಂತ. ಸಾಬಣ್ಣ ಒಬ್ಬೊಬ್ಬಗ ಒಂದೊಂದು ತಂಬಿಗಿ ಕೊಟ್ಟ. ಕಡೀಕ ಒಂದು ಕೊಡಾ ತುಂಬಿಸಿ ನನ್ನ ಕಟ್ಟಿ ಮ್ಯಾಲ ಇಟ್ಟ, ತಾ ನೆಲಕ್ಕ ಕುಂತು ಮಣ್ಣಿಗೆ ಅಂಗೈ ತಟ್ಟಿದ.

"ನಿಂಗ ನೀರು ಬ್ಯಾಡೇನು ಸಾಬಣ್ಣಾ?"

"ಕುಡಿಯೂ ನೀರಿಗೆ ಕಡಿಮಿ ಬಿದ್ದಾಗ ಮಣ್ಣೂ ನಡೀತೈತಿ, ತಂಗೀ. ಅದು ನಿನ್ನ ಬಾಣಂತಿಗೆ."